ಅರ್ಧ ಎತ್ತರದ ಕಾರ್ಡು

ಅಕ್ಷೋಭ್ಯನ ಮಗಳು ಶ್ರೀನಿಧಿ ತಿಂಗಳಿಗೆ ಎರಡು ಸಲ ಬರುತ್ತಿದ್ದಳು. ಎರಡನೆಯ ಶನಿವಾರ ಮತ್ತು ನಾಲ್ಕನೆಯ ಶನಿವಾರ, ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ. ನ್ಯಾಯಾಲಯ ಹಾಗೆಂದು ಬರೆದುಕೊಟ್ಟಿತ್ತು. ಹೆಂಡತಿ ವಸುಧಾ ಬೇರೆಯಾಗಿ ಎರಡು ವರ್ಷವಾಗಿತ್ತು. ಬ್ಯಾಂಕಿನಲ್ಲಿ ಅಧಿಕಾರಿಯಾಗಿದ್ದ ಆಕೆ ಮಗಳನ್ನು ಕರೆದುಕೊಂಡು ಸೇಲಂನಲ್ಲೇ ಫೇರ್‌ಲ್ಯಾಂಡ್ಸ್‌ನ ಒಂದು ಫ್ಲ್ಯಾಟಿಗೆ ಹೋದಳು. ಅಕ್ಷೋಭ್ಯ ಸೆವ್ವಾಪೇಟೆಯ ಬಾಡಿಗೆ ಮನೆಯ ಮಹಡಿಯಲ್ಲಿ ತಾಯಿ ಅಂಬಾಬಾಯಿಯ ಜೊತೆ ಉಳಿದ. ಹೊಡೆತ, ಕುಡಿತದ ಕಥೆ ಅದಲ್ಲ. ಅವನಿಗೆ ಏನಾದರೂ ಬೇಸರವಾದರೆ ಮಾತು ನಿಲ್ಲಿಸಿಬಿಡುತ್ತಿದ್ದ. ಎರಡು ದಿನ, ನಾಲ್ಕು ದಿನ, ಒಮ್ಮೆ ಹದಿನೆಂಟು ದಿನ. ವಸುಧಾ ಕೊನೆಗೆ ವಕೀಲರ ಮುಂದೆ ಹೇಳಿದ್ದು ಇಷ್ಟೇ: ಗೋಡೆಯ ಜೊತೆ ಬಾಳುವುದು ತನ್ನಿಂದಾಗದು ಎಂದು. ಅದಕ್ಕೂ ಅವನು ಏನೂ ಹೇಳಲಿಲ್ಲ.

ಅವನಿಗೆ ಒಂದು ಖಾಸಗಿ ಪಾಲಿಟೆಕ್ನಿಕ್‌ನ ಕಚೇರಿಯಲ್ಲಿ ಕೆಲಸ. ಹಾಲ್ ಟಿಕೆಟ್, ವರ್ಗಾವಣೆ ಪತ್ರ, ಬೋನಫೈಡ್ ಪ್ರಮಾಣಪತ್ರ ಇವುಗಳನ್ನು ಟೈಪ್ ಮಾಡಿ ಸಹಿಗೆ ಕಳಿಸುವುದು. ದಿನವಿಡೀ ಪರರ ಮಕ್ಕಳ ಹೆಸರು ಬರೆದು ಮನೆಗೆ ಬರುತ್ತಿದ್ದ.

ಶನಿವಾರಗಳು ಹೀಗೆ ಕಳೆಯುತ್ತಿದ್ದವು: ಶ್ರೀನಿಧಿ ಬಂದು ಚಪ್ಪಲಿ ಬಿಟ್ಟು, ಅಜ್ಜಿಗೆ ನಮಸ್ಕಾರ ಮಾಡಿ, ಕಿಟಕಿಯ ಪಕ್ಕದ ಮಂಚದ ಮೇಲೆ ಕೂತು ಫೋನು ತೆಗೆಯುತ್ತಿದ್ದಳು. ಹದಿಮೂರು ವರ್ಷದ ಹುಡುಗಿ. ಅಂಬಾಬಾಯಿ ಅವಳಿಗೆಂದು ಕಡಲೆಬೇಳೆ ಬೆಲ್ಲದ ಹಯಗ್ರೀವ ಮಾಡುತ್ತಿದ್ದರು. ಅವಳು ಎರಡು ಚಮಚ ತಿಂದು ಸಾಕು ಎನ್ನುತ್ತಿದ್ದಳು. ಅಕ್ಷೋಭ್ಯ ಕನ್ನಡದಲ್ಲಿ ಏನಾದರೂ ಕೇಳಿದರೆ ತಮಿಳಿನಲ್ಲಿ ಉತ್ತರ ಬರುತ್ತಿತ್ತು, ಅದೂ ಒಂದೆರಡು ಮಾತು. ಅವಮಾನ ಮಾಡಬೇಕೆಂದಲ್ಲ. ಶಾಲೆ, ಗೆಳತಿಯರು, ಫ್ಲ್ಯಾಟಿನ ಲಿಫ್ಟು, ಎಲ್ಲಾ ಕಡೆ ಅವಳಿಗೆ ತಮಿಳೇ ಇತ್ತು. ಕನ್ನಡ ಈ ಒಂದು ಮಹಡಿಯ ಮೇಲೆ ಮಾತ್ರ ಇತ್ತು. ಒಮ್ಮೆ ಏರ್ಕಾಡು ಬೆಟ್ಟಕ್ಕೆ ಕರೆದೊಯ್ದಿದ್ದ. ಬಸ್ಸಿನ ತಿರುವುಗಳಿಗೆ ಅವಳು ವಾಂತಿ ಮಾಡಿಕೊಂಡು, ಮೇಲೆ ಹೋದ ಮೇಲೂ ಬೆಂಚಿನ ಮೇಲೆ ತಲೆ ಬಗ್ಗಿಸಿ ಕೂತಿದ್ದು, ಹಾಗೇ ವಾಪಸು ಬಂದಿದ್ದಳು. ಮತ್ತೆ ಎಲ್ಲಿಗೂ ಹೋಗೋಣ ಅನ್ನಲು ಅವನಿಗೆ ಧೈರ್ಯ ಬರಲಿಲ್ಲ.

ಜನವರಿಯ ಒಂದು ಶನಿವಾರ ಅವನು ನೀರು ತರಲು ಅಡುಗೆಮನೆಗೆ ಹೋದಾಗ ಅವಳು ಫೋನಿನಲ್ಲಿ ಗೆಳತಿಗೆ ಧ್ವನಿ ಕಳಿಸುತ್ತಿದ್ದಳು. "ಅಪ್ಪಾ ವೀಟ್ಲ ಇರುಕ್ಕೇನ್ ಡೀ. ಇಂಗ ಸಿಸ್ಟಂ ಇಲ್ಲ. ಅಂಜು ಮಣಿ ವರೈಕ್ಕುಂ ಎಪ್ಪಡಿಯಾವದು ಓಟ್ಟಣುಂ."

ಅಪ್ಪನ ಮನೆಯಲ್ಲಿದ್ದೀನಿ, ಇಲ್ಲಿ ಕಂಪ್ಯೂಟರ್ ಇಲ್ಲ, ಐದು ಗಂಟೆಯವರೆಗೆ ಹೇಗಾದರೂ ತಳ್ಳಬೇಕು. ಅವನು ಲೋಟ ಹಿಡಿದುಕೊಂಡು ಬಾಗಿಲ ಹಿಂದೆ ಸ್ವಲ್ಪ ಹೊತ್ತು ನಿಂತ. ತನಗೆ ಕೇಳಿಸಿತೆಂದು ಅವಳಿಗೆ ಗೊತ್ತಾಗಬಾರದಿತ್ತು.

ಆಮೇಲೆ ಉಪಾಯವಾಗಿ ಕೇಳಿ ತಿಳಿದುಕೊಂಡ. ಅವಳೂ ಅವಳ ತರಗತಿಯ ಮೂವರು ಹುಡುಗಿಯರೂ ಸೇರಿ ಕಂಪ್ಯೂಟರಿನಲ್ಲಿ ಒಂದು ಆಟ ಆಡುತ್ತಾರೆ. ನಾಲ್ವರು ಒಂದು ತಂಡ. ಎದುರಿಗೆ ಬೇರೆಲ್ಲೋ ಕೂತ ನಾಲ್ವರು. ಅಮ್ಮನ ಬ್ಯಾಂಕಿನ ಲ್ಯಾಪ್‌ಟಾಪಿನಲ್ಲಿ ಆಡಲು ಬಿಡುವುದಿಲ್ಲ, ಆದ್ದರಿಂದ ಫ್ಲ್ಯಾಟಿನ ಕೆಳಗಿನ ಮನೆಯ ಗೆಳತಿಯ ಕಂಪ್ಯೂಟರಿನಲ್ಲಿ ಸರದಿ ಹಾಕುತ್ತಾಳೆ. ಶನಿವಾರವೇ ಅವರು ಹೆಚ್ಚು ಹೊತ್ತು ಆಡುವ ದಿನ. ಅಂದರೆ ತಿಂಗಳಿಗೆ ಎರಡು ಶನಿವಾರ ಅವನು ಅವಳಿಂದ ಕಿತ್ತುಕೊಳ್ಳುತ್ತಿದ್ದ.

ಅದೇ ತಿಂಗಳು ಪಾಲಿಟೆಕ್ನಿಕ್‌ನಲ್ಲಿ ಲ್ಯಾಬಿನ ಹಳೆಯ ಕಂಪ್ಯೂಟರುಗಳನ್ನು ತೆಗೆದು ಹಾಕಿದರು. ನೌಕರರಿಗೆ ಬೇಕಾದರೆ ಅಗ್ಗಕ್ಕೆ ಕೊಡುತ್ತೇವೆಂದರು. ಅಕ್ಷೋಭ್ಯ ಒಂದನ್ನು ಆರಿಸಿ ಆಟೋದಲ್ಲಿ ತಂದ. ಕಂಪನಿಯಿಂದಲೇ ಜೋಡಿಸಿ ಬಂದ ಡಬ್ಬಿ, ಹತ್ತು ವರ್ಷದ ಹಿಂದಿನದು, ದಪ್ಪ ಪಂಚಾಂಗ ನಾಲ್ಕು ಪೇರಿಸಿದಷ್ಟು ಸಪೂರ. ಕಿಟಕಿಯ ಪಕ್ಕ ಮೇಜು ಹಾಕಿ ಇಟ್ಟ. ಮುಂದಿನ ಸಲ ಶ್ರೀನಿಧಿ ಬಂದಾಗ ಅದನ್ನು ನೋಡಿ ಅವಳ ಮುಖ ಅರಳಿತು. ಇಡೀ ಬೆಳಿಗ್ಗೆ ಆಟ ಡೌನ್‌ಲೋಡ್ ಆಯಿತು. ಮಧ್ಯಾಹ್ನ ಒತ್ತಿದರೆ ತೆರೆಯಲೇ ಇಲ್ಲ. ಪರದೆ ಕಪ್ಪಾಗಿ, ಸುತ್ತುವ ಚಕ್ರ ಸುತ್ತುತ್ತಲೇ ಇತ್ತು. ಅವಳು ಪರವಾಗಿಲ್ಲಪ್ಪಾ ಎಂದಳು. ಆ ಮಾತನ್ನು ಅವಳು ಎಷ್ಟು ಮೆತ್ತಗೆ ಹೇಳಿದಳೆಂದರೆ ಅವನಿಗೆ ಅಂದು ರಾತ್ರಿ ಊಟ ಸೇರಲಿಲ್ಲ.

ಐದು ರಸ್ತೆ ಸರ್ಕಲ್ಲಿನ ಹತ್ತಿರ ಒಂದು ಓಣಿಯಲ್ಲಿ ಪ್ರಭಾಕರನ್ ಎಂಬವನ ಕಂಪ್ಯೂಟರ್ ರಿಪೇರಿ ಅಂಗಡಿ ಇತ್ತು. ಅಕ್ಷೋಭ್ಯ ಡಬ್ಬಿಯನ್ನು ಹೊತ್ತು ಅಲ್ಲಿಗೆ ಹೋದ. ಪ್ರಭಾಕರನ್ ಮುಚ್ಚಳ ತೆಗೆದು ನೋಡಿ, ತಮಿಳಿನಲ್ಲಿ, ಮರೆಮಾಚದೆ ಹೇಳಿದ: ಇದು ಕಚೇರಿಯಲ್ಲಿ ಕಾಗದ ಟೈಪ್ ಮಾಡಲು ಹುಟ್ಟಿದ ಯಂತ್ರ. ಹಾರ್ಡ್ ಡಿಸ್ಕ್ ತೆಗೆದು ವೇಗದ ಎಸ್‌ಎಸ್‌ಡಿ ಹಾಕಬಹುದು, ರ‍್ಯಾಮ್ ಹೆಚ್ಚಿಸಬಹುದು. ಆದರೆ ಆಟಕ್ಕೆ ಬೇಕಾದದ್ದು ಪರದೆಯ ಚಿತ್ರಗಳನ್ನು ಓಡಿಸುವ ಗ್ರಾಫಿಕ್ಸ್ ಕಾರ್ಡು. ಈ ಡಬ್ಬಿ ಸಪೂರ, ಮಾಮೂಲಿ ಕಾರ್ಡು ಹಿಡಿಸುವುದಿಲ್ಲ. ಒಳಗಿನ ಪವರ್ ಸಪ್ಲೈ ಚಿಕ್ಕದು, ಅದರ ವೈರಿನ ತುದಿಗಳು ಆ ಕಂಪನಿಯದೇ ಅಳತೆ, ಬೇರೆಯದು ಕೂರುವುದಿಲ್ಲ. ಇದಕ್ಕೆ ದುಡ್ಡು ಸುರಿಯಬೇಡಿ ಸಾರ್, ಒಂದು ವರ್ಷ ತಡೆದುಕೊಂಡು ಒಳ್ಳೆಯದನ್ನೇ ತಗೊಳ್ಳಿ ಎಂದ.

ಒಂದು ವರ್ಷ ಎಂದರೆ ಇಪ್ಪತ್ತನಾಲ್ಕು ಶನಿವಾರ. ಅಕ್ಷೋಭ್ಯ ಎಸ್‌ಎಸ್‌ಡಿಯನ್ನೂ ರ‍್ಯಾಮನ್ನೂ ಹಾಕಿಸಿಕೊಂಡು ಬಂದ.

ಫೆಬ್ರವರಿಯ ಎರಡನೆಯ ಶನಿವಾರ ಆಟ ತೆರೆಯಿತು. ಶ್ರೀನಿಧಿ ಹೆಡ್‌ಫೋನ್ ಹಾಕಿಕೊಂಡು ಗೆಳತಿಯರನ್ನು ಕೂಗಿದಳು. ಆದರೆ ಪರದೆಯ ಮೇಲೆ ಎಲ್ಲವೂ ಕುಂಟುತ್ತಿತ್ತು. ಅವಳ ಗೊಂಬೆ ಒಂದು ಹೆಜ್ಜೆ ಇಡುವಷ್ಟರಲ್ಲಿ ಎದುರಾಳಿ ಹಿಂದಿನಿಂದ ಬಂದು ಹೊಡೆದು ಹೋಗಿರುತ್ತಿದ್ದ. ಮೂರು ಸಲ ಹಾಗಾಯಿತು. ಹೆಡ್‌ಫೋನಿನ ಹೊರಗೂ ಗೆಳತಿಯರ ಬೈಗುಳ ಸಣ್ಣದಾಗಿ ಕೇಳುತ್ತಿತ್ತು. ಅವಳು ಸಾರಿ ಡೀ, ಸಾರಿ ಡೀ ಎನ್ನುತ್ತ ಕೊನೆಗೆ ಅವರೇ ನೀನು ಬಿಡು ಎಂದದ್ದಕ್ಕೆ ಆಟದಿಂದ ಹೊರಗೆ ಬಂದಳು. ಹೆಡ್‌ಫೋನನ್ನು ಮೇಜಿನ ಮೇಲಿಟ್ಟು ಮಂಚಕ್ಕೆ ಹೋಗಿ ಕೂತಳು. ಅಂಬಾಬಾಯಿ ಮಗನನ್ನು ಅಡುಗೆಮನೆಗೆ ಕರೆದು, ಕೂಸು ಬಂದಾಗ ಎದುರು ಕೂತು ನಾಲ್ಕು ಮಾತಾಡೋದು ಬಿಟ್ಟು ಆ ಡಬ್ಬಿಗೆ ಯಾಕೆ ಜೋತುಬಿದ್ದಿದ್ದೀಯ ಎಂದು ಕೇಳಿದರು. ಅವನಿಗೆ ಉತ್ತರ ಗೊತ್ತಿತ್ತು. ಎದುರು ಕೂತರೆ ಆಡಲು ಅವನ ಬಳಿ ನಾಲ್ಕು ಮಾತು ಇರಲಿಲ್ಲ. ಡಬ್ಬಿ ಬಿಚ್ಚಲು ಸ್ಕ್ರೂಡ್ರೈವರ್ ಸಾಕಿತ್ತು.

ಅವನು ಓದಲು ಶುರುಮಾಡಿದ. ಕಚೇರಿಯಲ್ಲಿ ಊಟದ ಬಿಡುವಿನಲ್ಲಿ, ಬಸ್ಸಿನಲ್ಲಿ, ಫೋನಿನಲ್ಲಿ ವೀಡಿಯೊ ನೋಡಿದ. ಸಪೂರ ಡಬ್ಬಿಗೆಂದೇ ಅರ್ಧ ಎತ್ತರದ ಕಾರ್ಡುಗಳು ಇವೆಯೆಂದೂ, ಅವುಗಳಲ್ಲಿ ಕೆಲವು ಬೇರೆ ವೈರು ಬೇಡದೆ ಬೋರ್ಡಿನಿಂದಲೇ ಕರೆಂಟು ಎಳೆದುಕೊಳ್ಳುತ್ತವೆಂದೂ ತಿಳಿಯಿತು. ಹೊಸದು ಅವನ ಕೈಗೆ ಎಟುಕುವಂತಿರಲಿಲ್ಲ. ಧರ್ಮಪುರಿಯಲ್ಲಿ ಒಬ್ಬರು ಹಳೆಯದೊಂದನ್ನು ಮಾರುತ್ತಿದ್ದಾರೆಂಬ ಜಾಹೀರಾತು ಕಣ್ಣಿಗೆ ಬಿತ್ತು. ಒಂದು ಭಾನುವಾರ ಬಸ್ಸು ಹತ್ತಿದ. ತೊಪ್ಪೂರು ಕಣಿವೆಯಲ್ಲಿ ಲಾರಿಯೊಂದು ಮಗುಚಿ ಎರಡು ಗಂಟೆ ರಸ್ತೆ ಕಟ್ಟಿತ್ತು. ಎಲ್ಲರೂ ಇಳಿದು ನೆರಳು ಹುಡುಕಿದರೆ ಅವನೊಬ್ಬ ಸೀಟಿನಲ್ಲೇ ಕೂತು, ಕಾರ್ಡನ್ನು ಯಾರಾದರೂ ಮೊದಲೇ ಕೊಂಡುಬಿಟ್ಟರೆ ಎಂದು ಹೆದರುತ್ತಿದ್ದ.

ಮಾರುವವನ ಹೆಸರು ಗೋವಿಂದರಾಜು. ಪೆನ್ನಾಗರಂ ರಸ್ತೆಯಲ್ಲಿ ಅವನದೊಂದು ಬ್ರೌಸಿಂಗ್ ಸೆಂಟರ್ ಇತ್ತು. ಈಗ ಕುರ್ಚಿಗಳೆಲ್ಲ ಒಂದರ ಮೇಲೊಂದು ಪೇರಿಸಿದ್ದವು. ಫೋನಿನಲ್ಲಿ ತಮಿಳು ಮಾತಾಡಿದ್ದವನು ಅಕ್ಷೋಭ್ಯನ ಹೆಸರು ಕೇಳಿ ಕನ್ನಡಕ್ಕೆ ತಿರುಗಿದ. ಅವನದು ಊರ ಕಡೆಯ ಕನ್ನಡ. ಹತ್ತು ವರ್ಷ ನಡೆಸಿದೆ, ಈಗ ಎಲ್ಲರ ಕೈಯಲ್ಲೂ ಫೋನು, ಯಾರು ಬರುತ್ತಾರೆ, ಮುಂದಿನ ತಿಂಗಳಿಂದ ಅಣ್ಣನ ಜೊತೆ ತೋಟಕ್ಕೆ ಹೋಗುತ್ತೇನೆ ಎಂದು ತಾನಾಗಿ ಹೇಳಿಕೊಂಡ. ಕಾರ್ಡನ್ನು ಹಾಕಿ ಓಡಿಸಿ ತೋರಿಸಿದ.

"ಸುಳ್ಳೇಳಲ್ಲ ಸಾರ್. ಫ್ಯಾನು ವಸಿ ಸದ್ದು ಮಾಡ್ತೈತೆ. ಬಿಸಿ ಜಾಸ್ತಿಯಾದ್ರೆ ಮುಚ್ಚಳ ತಗ್ದಿಡಿ. ಮಿಕ್ಕಿದ್ದೆಲ್ಲ ಚೆನ್ನಾಗೈತೆ," ಎಂದ. ಆಮೇಲೆ, "ಯಾರ್‌ಗೆ, ಮಗೀಗಾ?" ಎಂದು ಕೇಳಿದ.

"ಮಗಳಿಗೆ," ಎಂದ ಅಕ್ಷೋಭ್ಯ. "ಶಾಲೆಯಿಂದ ಬಂದ ತಕ್ಷಣ ಅದರ ಮುಂದೇ ಕೂತ್ಕೋತಾಳೆ. ಎಷ್ಟು ಹೇಳಿದ್ರೂ ಏಳೋದಿಲ್ಲ."

ಗೋವಿಂದರಾಜು ನಕ್ಕು, ನಮ್ಮನೆಯಲ್ಲೂ ಅದೇ ಗೋಳು ಎಂದು ಕಾರ್ಡನ್ನು ಹಳೆಯ ಟವೆಲ್ಲಿನಲ್ಲಿ ಸುತ್ತಿಕೊಟ್ಟ. ತಾನು ಯಾಕೆ ಹಾಗೆ ಹೇಳಿದೆನೆಂದು ಅಕ್ಷೋಭ್ಯನಿಗೆ ವಾಪಸಿನ ದಾರಿಯುದ್ದಕ್ಕೂ ನಾಚಿಕೆಯಾಯಿತು. ಆದರೆ ಹೇಳುವಾಗ ಆ ಒಂದು ಕ್ಷಣ ಹಿತವಾಗಿತ್ತು.

ಅವನೇ ಕೂತು ಕಾರ್ಡು ಹಾಕಿದ. ಹಾರ್ಡ್ ಡಿಸ್ಕ್ ಇದ್ದ ತಗಡಿನ ಗೂಡು ಅಡ್ಡ ಬರುತ್ತಿತ್ತು. ಅದನ್ನು ಬಿಚ್ಚಿ ತೆಗೆದ. ಬೆರಳು ಕುಯ್ದು ರಕ್ತ ಬಂತು. ಮುಚ್ಚಳ ಹಾಕಿದರೆ ಅರ್ಧ ಗಂಟೆಯಲ್ಲಿ ಬಿಸಿಯಾಗಿ ಆರಿಹೋಗುತ್ತಿತ್ತು. ಮುಚ್ಚಳ ತೆಗೆದು, ಟೇಬಲ್ ಫ್ಯಾನನ್ನು ಅದರ ಕಡೆ ತಿರುಗಿಸಿಟ್ಟ. ನಾಲ್ಕನೆಯ ಶನಿವಾರಕ್ಕೆ ಎಲ್ಲ ಸಿದ್ಧವಾಯಿತು.

ಅಂದು ಆಟ ನೀರು ಹರಿದಂತೆ ಓಡಿತು. ಶ್ರೀನಿಧಿ ಮೊದಲ ಹತ್ತು ನಿಮಿಷ ನಂಬದವಳಂತೆ ಮೆಲ್ಲಗೆ ಆಡಿದಳು. ಆಮೇಲೆ ಅವಳ ಧ್ವನಿ ಏರಿತು. ಅವನು ಅವಳ ಆ ಧ್ವನಿಯನ್ನು ಕೇಳಿಯೇ ಇರಲಿಲ್ಲ. ಎಡಕ್ಕೆ ಹೋಗು, ನೀನು ನಿಲ್ಲು, ನಾನು ಬರುತ್ತೇನೆ ಎಂದು ತಮಿಳಿನಲ್ಲಿ ಮೂವರಿಗೂ ಆಜ್ಞೆ ಕೊಡುತ್ತಿದ್ದಳು, ಅವರು ಕೇಳುತ್ತಿದ್ದರು. ಅವಳೇ ಅವರ ನಾಯಕಿ. ಗೆದ್ದಾಗ ಕುರ್ಚಿಯಲ್ಲೇ ಕುಪ್ಪಳಿಸಿ ನಕ್ಕಳು. ಅಂಬಾಬಾಯಿ ಕೂಡ ಬಾಗಿಲಿಗೆ ಬಂದು ನಿಂತು ನೋಡಿದರು. ಊಟಕ್ಕೆ ಎದ್ದವಳು ಎರಡು ಸಲ ಹುಳಿ ಅನ್ನ ಹಾಕಿಸಿಕೊಂಡಳು. ಮಧ್ಯಾಹ್ನ ಅವನು ಕುರ್ಚಿಯ ಹಿಂದೆ ನಿಂತಿದ್ದಾಗ ಅವಳು ತಿರುಗದೆಯೇ ಕನ್ನಡದಲ್ಲಿ ಹೇಳಿದಳು.

"ಅಪ್ಪಾ, ಹಿಂದೆ ನಿಂತ್ಕೋಬೇಡ. ಸ್ಟೂಲ್ ತಂದು ಇಲ್ಲಿ ಕೂತ್ಕೋ. ಯಾರು ಯಾರು ಅಂತ ಹೇಳ್ತೀನಿ."

ಅವನು ಕೂತ. ಅವಳು ಬೆರಳಿಟ್ಟು ಇವಳು ಯಾರು, ಅವಳು ಯಾರು, ಯಾರಿಗೆ ಕೋಪ ಜಾಸ್ತಿ ಎಂದೆಲ್ಲ ಹೇಳಿದಳು. ಎರಡು ವರ್ಷದಲ್ಲಿ ಅವಳು ಅವನ ಜೊತೆ ಅಷ್ಟು ಮಾತಾಡಿರಲಿಲ್ಲ.

ಐದು ಗಂಟೆಗೆ ಕೆಳಗೆ ವಸುಧಾಳ ಸ್ಕೂಟರಿನ ಹಾರ್ನ್ ಕೇಳಿತು. ಶ್ರೀನಿಧಿ ಇನ್ನೊಂದೇ ಒಂದು ಆಟ ಅಪ್ಪಾ ಎಂದಳು. ಈ ಮನೆಯಲ್ಲಿ ಅವಳು ಇನ್ನಷ್ಟು ಹೊತ್ತು ಕೇಳಿದ್ದು ಅದೇ ಮೊದಲು. ಅವನು ಆಡು ಎಂದ. ಐದೂಕಾಲಕ್ಕೆ ಮೇಜಿನ ಮೇಲಿದ್ದ ಅವನ ಫೋನು ಬೆಳಗಿತು. ವಸುಧಾ. ಅವನು ಅದನ್ನು ಮಗುಚಿಟ್ಟ. ಮತ್ತೆ ಬಂತು, ಮತ್ತೆ ಬಂತು, ಮೇಜು ಗುಂಯ್‌ಗುಡುತ್ತಿತ್ತು. ಶ್ರೀನಿಧಿ ಒಮ್ಮೆ ಅದರ ಕಡೆ ನೋಡಿ, ಅವನ ಕಡೆ ನೋಡಿದಳು. ಅವಳ ಸ್ವಂತ ಫೋನು ಚೀಲದಲ್ಲಿತ್ತು, ಹೆಡ್‌ಫೋನಿನಲ್ಲಿ ಅವಳಿಗೆ ಕೇಳುತ್ತಿರಲಿಲ್ಲ. ಒಂದು ಆಟ ಮೂರಾಯಿತು. ಅಂಬಾಬಾಯಿ ಮಠಕ್ಕೆ ಹೋಗಿದ್ದರು, ಕೆಳಗಿನ ಗೇಟಿಗೆ ಎಂದಿನಂತೆ ಒಳಗಿನಿಂದ ಚಿಲಕವಿತ್ತು.

ಆರೂಕಾಲಕ್ಕೆ ಕೆಳಗಿನ ಮನೆಯವರು ಗೇಟು ತೆಗೆದಿರಬೇಕು, ವಸುಧಾ ಮೆಟ್ಟಿಲು ಹತ್ತಿ ಬಂದಳು. ಮುಖವೆಲ್ಲ ಬೆವತಿತ್ತು. ಮಗಳನ್ನು ನೋಡಿ ಬಾಗಿಲ ಚೌಕಟ್ಟು ಹಿಡಿದು ನಿಂತಳು. ಮುಚ್ಚಳವಿಲ್ಲದ ಡಬ್ಬಿ, ಹೊರಗೆ ಚಾಚಿದ ವೈರುಗಳು, ಅದರೆದುರು ತಿರುಗುತ್ತಿದ್ದ ಫ್ಯಾನು, ಎಲ್ಲವನ್ನೂ ನೋಡಿದಳು. ಅವಳು ಕೂಗಾಡಲಿಲ್ಲ.

"ಒಂದೂಕಾಲು ಗಂಟೆ ಕೆಳಗೆ ನಿಂತಿದ್ದೀನಿ. ಪೊಲೀಸಿಗೆ ಫೋನ್ ಮಾಡೋದರಲ್ಲಿದ್ದೆ. ನೀವು ಯಾಕೆ ಫೋನ್ ಎತ್ತಲಿಲ್ಲ?"

"ಸೈಲೆಂಟ್‌ನಲ್ಲಿತ್ತು. ನೋಡಲಿಲ್ಲ," ಎಂದ ಅಕ್ಷೋಭ್ಯ.

ಶ್ರೀನಿಧಿ ಹೆಡ್‌ಫೋನನ್ನು ಕೊರಳಿಗೆ ಇಳಿಸಿಕೊಂಡು ಅವನನ್ನೇ ನೋಡುತ್ತಿದ್ದಳು. ಚೀಲ ತೆಗೆದುಕೊಂಡು ಅಮ್ಮನ ಹಿಂದೆ ಇಳಿದು ಹೋದಳು. ಹೋಗಿ ಬರ್ತೀನಿ ಎನ್ನಲು ಮರೆತಳೋ, ಬೇಡವೆಂದು ಬಿಟ್ಟಳೋ ಅವನಿಗೆ ತಿಳಿಯಲಿಲ್ಲ.

ಎರಡು ದಿನದ ಮೇಲೆ ವಸುಧಾಳ ವಕೀಲರಿಂದ ಪತ್ರ ಬಂತು. ಇನ್ನೊಮ್ಮೆ ಸಮಯ ಮೀರಿದರೆ ನ್ಯಾಯಾಲಯಕ್ಕೆ ತಿಳಿಸುವುದಾಗಿ ಅದರಲ್ಲಿತ್ತು. ಜೊತೆಗೆ, ಮಾರ್ಚ್ ತಿಂಗಳು ಪರೀಕ್ಷೆಯಿರುವುದರಿಂದ ಮಗಳು ಬರಲಾರಳು, ಏಪ್ರಿಲ್‌ನಲ್ಲಿ ಮುಂದುವರಿಸಬಹುದು ಎಂದೂ ಇತ್ತು. ಅವನು ವಸುಧಾಳಿಗೆ ಕ್ಷಮೆ ಕೇಳಿ ಒಂದು ಸಂದೇಶ ಬರೆದ. ಅಳಿಸಿದ. ಇನ್ನೊಂದು ಬರೆದ. ಕೊನೆಗೆ ಕಳಿಸಲಿಲ್ಲ. ಮಾತು ಗಂಟಲಲ್ಲಿ ನಿಲ್ಲುವುದು ಅವನಿಗೆ ಹೊಸದಾಗಿರಲಿಲ್ಲ, ಬೆರಳಲ್ಲೂ ನಿಲ್ಲುತ್ತದೆಂದು ಮಾತ್ರ ಆಗ ಗೊತ್ತಾಯಿತು.

ಆ ಇಡೀ ತಿಂಗಳು ಅವನು ದಿನಾ ಸಂಜೆ ಕಂಪ್ಯೂಟರ್ ಹಚ್ಚಿ ಆಟವನ್ನು ಅಪ್‌ಡೇಟ್ ಮಾಡಿಡುತ್ತಿದ್ದ. ಅವಳು ಬಂದಾಗ ಕಾಯುವಂತಾಗಬಾರದು. ಕಾರ್ಡಿನ ಫ್ಯಾನಿಗೆ ಒಂದು ಹನಿ ಹೊಲಿಗೆಯಂತ್ರದ ಎಣ್ಣೆ ಬಿಟ್ಟ. ಕುರ್ಚಿಗೆ ದಿಂಬು ಹೊಲಿಸಿದ. ಮಾರ್ಚ್ ಕೊನೆಯ ವಾರ ಒಂದು ಸಂಜೆ ಆಟ ತೆರೆಯುವ ಬದಲು ಪರದೆಯ ಮೇಲೆ ಒಂದು ಚೌಕ ಬಂತು. ಮೋಸಗಾರರನ್ನು ತಡೆಯಲು ಹೊಸ ನಿಯಮ ಬಂದಿದೆ, ಈ ಕಂಪ್ಯೂಟರಿನಲ್ಲಿ ಅದಕ್ಕೆ ಬೇಕಾದ ಭದ್ರತೆಯ ಚಿಪ್ ಇಲ್ಲ, ಆಟ ನಡೆಯದು. ಅವನು ಆರಿಸಿ ಹಚ್ಚಿದ. ಅದೇ ಚೌಕ. ಅಳಿಸಿ ಮತ್ತೆ ಹಾಕಿದ. ಅದೇ. ವಿಂಡೋಸನ್ನೇ ಹೊಸದಾಗಿ ಹಾಕಿದ. ಮೂರು ದಿನ ರಜೆ ಹಾಕಿ ಅದರ ಮುಂದೆ ಕೂತ. ವೀಡಿಯೊದಲ್ಲಿ ಹೇಳಿದ ಒಂದೊಂದನ್ನೂ ಮಾಡಿದ.

ಕೊನೆಗೆ ಮತ್ತೆ ಪ್ರಭಾಕರನ್ ಅಂಗಡಿ. ಅವನು ನೋಡುವ ಮೊದಲೇ ತಲೆಯಾಡಿಸಿದ. ಈ ವಾರ ಇಂಥವು ಎಂಟು ಬಂದವು ಸಾರ್ ಎಂದ. ಚಿಪ್ ಬೇಕೆಂದರೆ ಹೊಸ ಮದರ್‌ಬೋರ್ಡು ಬೇಕು, ಬೋರ್ಡು ಹೊಸದಾದರೆ ಪ್ರೊಸೆಸರ್ ಹೊಸದು, ರ‍್ಯಾಮ್ ಹೊಸದು. ಅದು ಈ ಡಬ್ಬಿಯೊಳಗೆ ಕೂರುವುದಿಲ್ಲ, ಈ ಪವರ್ ಸಪ್ಲೈಗೆ ಒಗ್ಗುವುದಿಲ್ಲ. ಉಳಿಯುವುದು ಆ ಅರ್ಧ ಎತ್ತರದ ಕಾರ್ಡು ಒಂದೇ. ನಾನು ಮೊದಲೇ ಹೇಳಿದ್ದೆ ಎಂಬ ಮಾತನ್ನು ಅವನು ಆಡಲಿಲ್ಲ. ಚಹಾ ತರಿಸಿದ. ಅಕ್ಷೋಭ್ಯ ಚಹಾ ಕುಡಿದು, ಡಬ್ಬಿಯನ್ನು ಎದೆಗವಚಿಕೊಂಡು ಬಸ್ಸಿಗೆ ನಿಂತ.

ಏಪ್ರಿಲ್‌ನಲ್ಲಿ ಶ್ರೀನಿಧಿ ಬಂದಳು. ಹೇಗೆ ಹೇಳುವುದೆಂದು ವಾರವೆಲ್ಲ ಯೋಚಿಸಿದ್ದ. ಹೇಳುವ ಅಗತ್ಯ ಬೀಳಲಿಲ್ಲ. ಗೊತ್ತಪ್ಪಾ, ಹಳೆಯ ಸಿಸ್ಟಂ ಎಲ್ಲಕ್ಕೂ ಹಾಗೇ ಆಗಿದೆ ಎಂದು ಅವಳೇ ಹೇಳಿದಳು. ಚೀಲದಿಂದ ಹೊಸ ಲ್ಯಾಪ್‌ಟಾಪ್ ತೆಗೆದಳು. ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಬಂತೆಂದು ಅಮ್ಮ ಕೊಡಿಸಿದ್ದು. ಅವನ ಮಾನಿಟರನ್ನು ಮೆಲ್ಲಗೆ ಒಂದು ಕಡೆ ಸರಿಸಿ, ಅದನ್ನಿಟ್ಟು, ವೈಫೈ ಪಾಸ್‌ವರ್ಡ್ ಕೇಳಿದಳು. ಆಟ ಚೆನ್ನಾಗಿಯೇ ಓಡಿತು. ಅವಳು ಮೊದಲಿನಂತೆ ಆಜ್ಞೆ ಕೊಟ್ಟಳು, ನಕ್ಕಳು. ಅವನು ಸ್ಟೂಲ್ ತರಲೋ ಬೇಡವೋ ಎಂದು ನಿಂತಿದ್ದ. ಅವಳು ಕರೆಯಲಿಲ್ಲ. ನಾಲ್ಕೂ ಮುಕ್ಕಾಲಕ್ಕೇ ಎಲ್ಲವನ್ನೂ ಆರಿಸಿ ಚೀಲಕ್ಕೆ ತುಂಬಿ, ಚಪ್ಪಲಿಯ ಹತ್ತಿರ ಹೋಗಿ ಕೂತಳು. ಅಲ್ಲಿಂದಲೇ, ಅಮ್ಮನಿಗೆ ಜೂನ್‌ನಲ್ಲಿ ಕೊಯಮತ್ತೂರಿಗೆ ವರ್ಗ ಎಂದು ಹೇಳಿದಳು. ವಕೀಲರು ನಿನಗೆ ತಿಳಿಸುತ್ತಾರಂತೆ ಎಂದಳು.

ಮೇ ತಿಂಗಳ ಕೊನೆಯ ಭೇಟಿಯಲ್ಲಿ ಅವನು ಧೈರ್ಯ ಮಾಡಿದ. ಅಷ್ಟು ದಿನ ತನ್ನಷ್ಟಕ್ಕೆ ಹೇಳಿಕೊಂಡು ತಿದ್ದಿದ ಮಾತು ಅದು.

"ನಿಧೀ, ನಾನು ಸಾಲ ಮಾಡಿ ಹೊಸ ಸಿಸ್ಟಂ ತಗೋತೀನಿ. ಆಟ ಕಲೀತೀನಿ. ನೀನು ಅಲ್ಲಿಂದ, ನಾನು ಇಲ್ಲಿಂದ. ವಾರಕ್ಕೆ ಒಂದು ದಿನ. ನಿನ್ನ ಹೆಸರು ಅದರಲ್ಲಿ ಏನಂತ ಇದೆ, ಹೇಳ್ತೀಯಾ?"

ಅವಳು ಉಗುರು ನೋಡಿಕೊಂಡಳು. ಅವಳಿಗೆ ಅವನನ್ನು ನೋಯಿಸಲು ಇಷ್ಟವಿರಲಿಲ್ಲ, ಅದು ಅವನಿಗೂ ಕಾಣುತ್ತಿತ್ತು.

"ಬೇಡಪ್ಪಾ," ಎಂದಳು. "ಅಲ್ಲಿ ಎಲ್ಲಾ ನನ್ನ ಫ್ರೆಂಡ್ಸು. ನೀನು ಬಂದ್ರೆ ನಾನು ಮಾತಾಡಕ್ಕಾಗಲ್ಲ." ಆಮೇಲೆ ಇನ್ನೂ ಸಣ್ಣ ದನಿಯಲ್ಲಿ, "ಅವತ್ತು ನೀನು ಫೋನ್ ನೋಡಿದ್ದೆ. ಅಮ್ಮ ಕೆಳಗೆ ಅಳ್ತಾ ಇದ್ದಳಂತೆ."

ಅವನು ಹೂಂ ಎಂದ. ಹೇಳಬೇಕಾದದ್ದೆಲ್ಲ ಆಗ ನಾಲಿಗೆಯ ತುದಿಗೆ ಬಂದಿತ್ತು: ತಪ್ಪಾಯಿತು ಅಂತ, ಇನ್ನೊಂದು ಆಟ ಅಂತ ನೀನು ಕೇಳಿದೆಯಲ್ಲ, ಅದಕ್ಕೆ ಅಂತ. ಕೆಳಗೆ ಹಾರ್ನ್ ಆಯಿತು. ಅವಳು ಅಜ್ಜಿಗೆ ನಮಸ್ಕಾರ ಮಾಡಿ ಹೊರಟಳು.

ಜೂನ್‌ನಿಂದ ಭೇಟಿ ತಿಂಗಳಿಗೆ ಒಂದೇ ಸಲ, ಕೊಯಮತ್ತೂರಿನ ಒಂದು ಮಾಲಿನ ಊಟದ ಜಾಗದಲ್ಲಿ, ಎರಡು ಗಂಟೆ ಹೊತ್ತು ಎಂದಾಯಿತು. ಮೊದಲ ಸಲ ಅವನು ಬೆಳಿಗ್ಗೆ ಆರರ ಬಸ್ಸಿಗೇ ಹೊರಟು ಹನ್ನೊಂದಕ್ಕೆಲ್ಲ ಹೋಗಿ ಕೂತ. ಅಂಬಾಬಾಯಿ ಕೊಟ್ಟ ಕೋಡುಬಳೆಯ ಡಬ್ಬ ಮಡಿಲಲ್ಲಿತ್ತು. ಹನ್ನೆರಡಕ್ಕೆ ಬರಬೇಕಾದವಳು ಹನ್ನೆರಡೂ ಮುಕ್ಕಾಲಕ್ಕೆ ಬಂದಳು, ಹೊಸ ಶಾಲೆಯ ಗೆಳತಿಯೊಬ್ಬಳ ಜೊತೆ. ಗೆಳತಿಗೆ ಅವನನ್ನು ತೋರಿಸಿ ಅಪ್ಪ ಎಂದಳು. ಶಾಲೆ ಹೇಗಿದೆ, ಮನೆ ಹೇಗಿದೆ, ಊಟ ಹಿಡಿಸುತ್ತದೆಯೇ ಎಂದು ಅವನು ಕೇಳಿದ. ಎಲ್ಲಕ್ಕೂ ಚೆನ್ನಾಗಿದೆ ಎನ್ನುವಂತೆ ನಲ್ಲಾ ಇರುಕ್ಕು, ನಲ್ಲಾ ಇರುಕ್ಕು ಎಂದಳು. ಗೆಳತಿಗೆ ಕನ್ನಡ ಬಾರದೆಂದು ಅವನೂ ತಮಿಳಿಗೆ ತಿರುಗಿದ. ಮೂವರೂ ಐಸ್‌ಕ್ರೀಂ ತಿಂದರು. ಒಂದೂವರೆಗೆ ಗೆಳತಿಯರಿಬ್ಬರಿಗೂ ಟ್ಯೂಷನ್ ಇದೆಯೆಂದು ಗೊತ್ತಾಯಿತು. ಶ್ರೀನಿಧಿ ಕೋಡುಬಳೆಯ ಡಬ್ಬವನ್ನು ಚೀಲಕ್ಕೆ ಹಾಕಿಕೊಂಡು, ಎಸ್ಕಲೇಟರಿನಲ್ಲಿ ಇಳಿಯುವಾಗ ಒಮ್ಮೆ ಕೈಯೆತ್ತಿದಳು.

ಅವನು ಇನ್ನರ್ಧ ಗಂಟೆ ಅಲ್ಲೇ ಕೂತಿದ್ದ, ತನಗೆ ಕೊಟ್ಟ ಎರಡು ಗಂಟೆ ಮುಗಿಯುವವರೆಗೆ. ಮೇಜು ಒರೆಸುವ ಹೆಂಗಸು ಬಂದು ಕಪ್ಪುಗಳನ್ನು ತೆಗೆಯಲೇ ಎಂದು ಕೇಳಿದಳು. ತೆಗೀರಿ ಎಂದ. ಬಸ್ ನಿಲ್ದಾಣದಲ್ಲಿ ಸೇಲಂನ ಬಸ್ಸು ಖಾಲಿಯಿತ್ತು. ಎಲ್ಲಿ ಬೇಕಾದರೂ ಕೂರಬಹುದಿತ್ತು. ಅವನು ಎಲ್ಲಕ್ಕಿಂತ ಹಿಂದಿನ ಸೀಟಿಗೆ ಹೋಗಿ ಕೂತ. ಕಂಡಕ್ಟರ್ ಬಂದು ಎಲ್ಲಿಗೆ ಎಂದು ಎರಡು ಸಲ ಕೇಳಬೇಕಾಯಿತು.